ಶ್ವಾಸಕೋಶದ ಕಠಿಣ ರೋಗಗಳೂ ರಕ್ತದ ಸಾಕ್ಷಿಯೂ

ನಮ್ಮ ಪ್ರೌಢಶಾಲೆಯಲ್ಲಿ ಓದುವ ಬಾಲಿಕೆಯರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವರೊಳಗೆ ಮೊದಲನೆಯವರಾಗಿರುವರು. ಆದಕಾರಣ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಗಿ, ರಕ್ತವನ್ನು ಪರೀಕ್ಷೆಗೆ ಕೊಟ್ಟು, ಅದರ ವರದಿಯ ಕಾಗದವು ಬಂದಾಗ, ಅದು ಮೊದಲು ಸೇರುವದು ಈ ಬಾಲಿಕೆಯ ಕೈಯನ್ನೇ. "ಏನ್ ಬರದಾರ, ಓದಿ ಹೇಳವ್ವಾ" ಎಂದು ಅಜ್ಜಿಯು ಕೇಳುವಳು. ಕಾಗದದಲ್ಲಿ ಕೆಲವು ಅಂಕಿಗಳು ದಪ್ಪಕ್ಷರಗಳಲ್ಲಿ ಅಚ್ಚಾಗಿರುವವು. ಬಾಲಿಕೆಯು "ಹೆಚ್ಚಾಗ್ಯಾವ" ಎಂದರೆ ಮನೆಯವರೆಲ್ಲರೂ ಎದೆಗುಂದುವರು. "ಸರಿ ಅವ" ಎಂದರೆ ನಿಶ್ಚಿಂತರಾಗಿ ಮಲಗುವರು. ಈ ಎರಡೂ ಕೆಲವು ಸಾರಿ ಪ್ರಾಣಕ್ಕೆ ಅಪಾಯವನ್ನು ತರುವವು. ಹೀಗಿರಲಾಗಿ ಆ ಅಂಕಿಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರೂ ಅವರ ಪಾಲಕರೂ ಅರಿತುಕೊಳ್ಳುವದು ಅವಶ್ಯವೆಂದು ಎಣಿಸಿ ಈ ಲೇಖನವನ್ನು ಬರೆದಿದೆ.

1. ಪುಪ್ಪುಸದ ರೋಗವು ರಕ್ತಕ್ಕೆ ತಿಳಿಯುವ ಬಗೆ

ನಮ್ಮ ಎದೆಯೊಳಗಿನ ಎರಡು ಪುಪ್ಪುಸಗಳಲ್ಲಿ ಕೋಟ್ಯಂತರ ಸೂಕ್ಷ್ಮವಾದ ಗಾಳಿಯ ಚೀಲಗಳಿರುವವು. ನಾವು ಎಳೆದುಕೊಂಡ ಉಸಿರಿನೊಳಗಿನ ಪ್ರಾಣವಾಯುವು ಈ ಚೀಲಗಳ ತೆಳುವಾದ ಗೋಡೆಯನ್ನು ದಾಟಿ ರಕ್ತವನ್ನು ಸೇರುವದು. ರೋಗಾಣುಗಳು ಅಲ್ಲಿ ಹೊಕ್ಕು ಹೆಚ್ಚಿದಾಗ ಆ ಚೀಲಗಳೊಳಗೆ ನೀರೂ ಕೀವೂ ತುಂಬಿಕೊಳ್ಳುವವು. ಇದೇ ನ್ಯುಮೋನಿಯಾ. ಆಗ ಶರೀರದ ಕಾವಲು ಪಡೆಯಾದ ಬಿಳಿಯ ರಕ್ತಕಣಗಳು ಕಾದಾಟಕ್ಕೆ ತೊಡಗಿ, ಕೆಲವು ರಾಸಾಯನಿಕ ದೂತರನ್ನು ರಕ್ತದ ಮೂಲಕ ದೂರದ ಅವಯವಗಳಿಗೆ ಕಳುಹಿಸುವವು. ಇಂಟರ್‌ಲ್ಯೂಕಿನ್-6 ಎಂಬುದು ಇಂಥ ದೂತರಲ್ಲಿ ಮುಖ್ಯವಾದದ್ದು. ಅದು ಯಕೃತ್ತಿಗೆ ಮುಟ್ಟಿದೊಡನೆ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಪದಾರ್ಥವನ್ನು ಹೇರಳವಾಗಿ ತಯಾರಿಸಿ ರಕ್ತಕ್ಕೆ ಬಿಡುವದು. ವರದಿಗಳಲ್ಲಿ ಸಿ.ಆರ್.ಪಿ. ಎಂದು ಬರೆಯುವದು ಇದನ್ನೇ.

ಇದನ್ನು ಕಂಡುಹಿಡಿದ ಕಥೆಯು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲ್ಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಿದ್ದರು. ಪೆನಿಸಿಲಿನ್ ಔಷಧವು ಆಗ ಇನ್ನೂ ರೋಗಿಗಳ ಉಪಯೋಗಕ್ಕೆ ಬಂದಿರಲಿಲ್ಲ. ನ್ಯುಮೋನಿಯಾ ರೋಗಾಣುವಿನಿಂದ ತೆಗೆದ 'ಸಿ' ಎಂಬ ಸತ್ವವನ್ನು ಕಾಯಿಲೆಯವರ ರಕ್ತದ ತಿಳಿಯೊಂದಿಗೆ ಕೂಡಿಸಲು ಅದು ಹೆಪ್ಪುಗಟ್ಟಿ ತಳಕ್ಕೆ ಕೂಡುತ್ತಿತ್ತು. ರೋಗಿಯು ಗುಣವಾದ ಬಳಿಕ ಅವನದೇ ರಕ್ತವು ಹಾಗೆ ಮಾಡುತ್ತಿರಲಿಲ್ಲ. ಅಂದರೆ ರೋಗದ ಏರಿಳಿತವನ್ನು ರಕ್ತವು ತಾನೇ ಸಾಕ್ಷಿ ನುಡಿಯುವದೆಂದು ಅವರಿಗೆ ತಿಳಿಯಿತು. ಮುಂದೆ ಈ ಪದಾರ್ಥವು ನ್ಯುಮೋನಿಯಾದಲ್ಲಿ ಮಾತ್ರವಲ್ಲದೆ ಕೀಲುನೋವು, ಗಾಯ, ಬಾವು ಮುಂತಾದ ಎಷ್ಟೋ ಕಾಯಿಲೆಗಳಲ್ಲಿಯೂ ಹೆಚ್ಚುವದೆಂದು ಕಂಡುಬಂತು. ಊರಲ್ಲಿ ಎಲ್ಲಿಯೋ ಬೆಂಕಿ ಬಿದ್ದಿದೆ ಎಂದು ಹೊಗೆಯು ಹೇಳುವದೇ ಹೊರತು, ಯಾರ ಮನೆಯೆಂದು ಹೇಳಲಾರದಷ್ಟೆ. ಸಿ.ಆರ್.ಪಿ.ಯ ಮಾತೂ ಹಾಗೆಯೇ.

2. ಮುಖ್ಯವಾದ ಸಾಕ್ಷಿಗಳು

ಆರೋಗ್ಯವಂತರಲ್ಲಿ ಸಿ.ಆರ್.ಪಿ.ಯು ಸಾಮಾನ್ಯವಾಗಿ ಒಂದು ಲೀಟರು ರಕ್ತದ್ರವಕ್ಕೆ 10 ಮಿಲಿಗ್ರಾಮಿಗಿಂತ ಕಡಿಮೆಯಿರುವದು. ಕಠಿಣವಾದ ನ್ಯುಮೋನಿಯಾದಲ್ಲಿ ಅದು 100ನ್ನು ದಾಟಿ ಹೋಗುವದುಂಟು. ಶರೀರದೊಳಗಿನ ಉರಿಯು ಶಾಂತವಾದರೆ ಅದು ಸುಮಾರು 19 ತಾಸುಗಳಿಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತ ಬರುವದು. ಆದುದರಿಂದ ಒಂದು ದಿನದ ಅಂಕಿಗಿಂತಲೂ ಎರಡು ಮೂರು ದಿನಗಳ ಅಂಕಿಗಳನ್ನು ಸಾಲಾಗಿಟ್ಟು ನೋಡುವದೇ ಹೆಚ್ಚು ಉಪಯುಕ್ತವು. 2008ರಲ್ಲಿ ಎಡಿನ್‌ಬರೋ ನಗರದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನ್ಯುಮೋನಿಯಾದಿಂದ ಆಸ್ಪತ್ರೆಗೆ ಸೇರಿದವರೊಳಗೆ ನಾಲ್ಕನೆಯ ದಿನಕ್ಕೆ ಸಿ.ಆರ್.ಪಿ.ಯು ಅರ್ಧದಷ್ಟಾದರೂ ಇಳಿಯದೆ ಇದ್ದವರಿಗೆ ಮರಣದ ಭಯವು ಹೆಚ್ಚೆಂದು ಕಂಡುಬಂತು.

ಎರಡನೆಯ ಸಾಕ್ಷಿಯು ಬಿಳಿಯ ರಕ್ತಕಣಗಳ ಲೆಕ್ಕ. ಇವುಗಳಲ್ಲಿ ಲಿಂಫೋಸೈಟ್ ಎಂಬ ಜಾತಿಯವು ದೊಡ್ಡವರಲ್ಲಿ ಒಂದು ಘನ ಮಿಲಿಮೀಟರಿಗೆ ಸಾಮಾನ್ಯವಾಗಿ 1,000ಕ್ಕಿಂತ ಮಿಕ್ಕಿ ಇರತಕ್ಕವು. ಕೊರೋನಾ ರೋಗವು ಬಲವಾದವರಲ್ಲಿ ಇವು ಬಹಳ ಕಡಿಮೆಯಾದವು. ನ್ಯೂಟ್ರೋಫಿಲ್ ಎಂಬ ಇನ್ನೊಂದು ಜಾತಿಯವು ಹೆಚ್ಚಾದವು. ಮೂರನೆಯದು ಡಿ-ಡೈಮರ್. ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟಿ ಆ ಹೆಪ್ಪು ಕರಗುವಾಗ ಉಳಿಯುವ ಚೂರುಗಳಿಗೆ ಈ ಹೆಸರು. ನಾಲ್ಕನೆಯದು ಎಲ್.ಡಿ.ಎಚ್.; ಇದು ಜೀವಕೋಶಗಳ ಒಳಗಿರುವ ಪದಾರ್ಥವಾದುದರಿಂದ, ಜೀವಕೋಶಗಳು ಒಡೆದು ನಾಶವಾದಷ್ಟೂ ರಕ್ತದಲ್ಲಿ ಹೆಚ್ಚುವದು. ಐದನೆಯದು ಫೆರಿಟಿನ್, ಶರೀರದಲ್ಲಿ ಕಬ್ಬಿಣವನ್ನು ಕೂಡಿಡುವ ಈ ಪದಾರ್ಥವೂ ಉರಿಯ ಕಾಲದಲ್ಲಿ ಏರುವದು. ಆರನೆಯದು ಯೂರಿಯಾ, ಮೂತ್ರಪಿಂಡಗಳು ದಣಿದವೆಂಬುದಕ್ಕೂ ಶರೀರವು ನೀರಿಲ್ಲದೆ ಬತ್ತಿತೆಂಬುದಕ್ಕೂ ಅದೇ ಗುರುತು. ಇವಲ್ಲದೆ, ರೋಗವು ಬ್ಯಾಕ್ಟೀರಿಯಾದಿಂದ ಬಂದಿರಬಹುದೋ ಎಂದು ಸೂಚಿಸುವ ಪ್ರೋಕ್ಯಾಲ್ಸಿಟೋನಿನ್, ಅವಯವಗಳು ಪ್ರಾಣವಾಯುವಿಗಾಗಿ ಹಂಬಲಿಸುತ್ತಿರುವವೆಂದು ಸೂಚಿಸುವ ಲ್ಯಾಕ್ಟೇಟ್ ಮುಂತಾದವೂ ದೊಡ್ಡ ಆಸ್ಪತ್ರೆಗಳಲ್ಲಿ ಉಪಯೋಗದಲ್ಲಿರುವವು.

3. ಬದುಕುವರೋ ಇಲ್ಲವೋ ಎಂಬ ಅಂದಾಜು

ಕೊರೋನಾ ರೋಗದಿಂದ ಭಾರತದಲ್ಲಿ ದೃಢಪಟ್ಟ ಮೊದಲನೆಯ ಮರಣವು ನಮ್ಮ ನೆರೆಯ ಕಲಬುರಗಿಯ ವೃದ್ಧರೊಬ್ಬರದು. ಅವರು ತೀರಿಕೊಂಡದ್ದು 2020ನೆಯ ಇಸವಿ ಮಾರ್ಚ್ 10ರಂದು. ಅದು ಕೊರೋನಾ ಎಂದು ಪ್ರಕಟವಾದದ್ದು ಎರಡು ದಿನಗಳ ತರುವಾಯ. ಆ ಕಾಲದಲ್ಲಿ ರೋಗವು ಜಗತ್ತಿಗೇ ಹೊಸದು. ಆಸ್ಪತ್ರೆಯ ಬಾಗಿಲಿಗೆ ಒಮ್ಮೆಲೆ ನೂರು ಜನ ಬಂದು ನಿಂತರೆ ಯಾರನ್ನು ಒಳಗೆ ಇರಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳುಹಿಸಬಹುದು ಎಂಬ ಪ್ರಶ್ನೆಯು ವೈದ್ಯರನ್ನು ಬಾಧಿಸುತ್ತಿತ್ತು. ಮುಖವನ್ನು ನೋಡಿ ಹೇಳುವದು ಅಸಾಧ್ಯವಾದಾಗ ಅವರು ರಕ್ತದ ಕಡೆಗೆ ನೋಡಿದರು.

ಚೀನಾದ ವುಹಾನ್ ನಗರದ ಎರಡು ಆಸ್ಪತ್ರೆಗಳ 191 ರೋಗಿಗಳ ವೃತ್ತಾಂತವು 2020ರ ಮಾರ್ಚಿನಲ್ಲಿ ಪ್ರಕಟವಾಯಿತು. ಸೇರಿದ ದಿನವೇ ಡಿ-ಡೈಮರು ಒಂದು ಮಿಲಿಲೀಟರಿಗೆ 1 ಮೈಕ್ರೋಗ್ರಾಮಿಗಿಂತ ಹೆಚ್ಚಿದ್ದವರಲ್ಲಿ ಮರಣವು ಹೆಚ್ಚೆಂದು ಅದರಲ್ಲಿ ತೋರಿತು. ಅದೇ ವರ್ಷದ ಮೇ ತಿಂಗಳಲ್ಲಿ ಆ ನಗರದ 485 ರೋಗಿಗಳ ಲೆಕ್ಕದಿಂದ ಬೇರೆ ಪಂಡಿತರು ಒಂದು ಸೂತ್ರವನ್ನು ಹೊರಡಿಸಿದರು. ಎಲ್.ಡಿ.ಎಚ್., ಲಿಂಫೋಸೈಟ್, ಸಿ.ಆರ್.ಪಿ. ಈ ಮೂರನ್ನು ಮಾತ್ರ ನೋಡಿದರೆ, ರೋಗಿಯು ಬದುಕುವನೋ ಇಲ್ಲವೋ ಎಂಬುದನ್ನು ಹತ್ತು ದಿನ ಮುಂಚಿತವಾಗಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸರಿಯಾಗಿ ಹೇಳಬಹುದೆಂದು ಅವರು ಬರೆದರು. ಓದಿದವರು ಬೆರಗಾದರು. ಆದರೆ ನೆದರ್ಲೆಂಡ್ಸ್ ದೇಶದವರೂ ನ್ಯೂಯಾರ್ಕಿನವರೂ ತಮ್ಮ ರೋಗಿಗಳಲ್ಲಿ ಅದೇ ಸೂತ್ರವನ್ನು ಹಚ್ಚಿ ನೋಡಲು ಅದು ಅಷ್ಟು ಚೆನ್ನಾಗಿ ನಿಲ್ಲಲಿಲ್ಲ. ಕಾರಣವೇನೆಂದರೆ, ವುಹಾನಿನವರು ಸೂತ್ರವನ್ನು ಕಟ್ಟಿದ್ದು ಪ್ರತಿ ರೋಗಿಯ ಕಟ್ಟಕಡೆಯ ರಕ್ತಪರೀಕ್ಷೆಯಿಂದ. ಕಡೆಯ ಪರೀಕ್ಷೆಯ ಹೊತ್ತಿಗೆ ಒಬ್ಬನು ಮನೆಗೆ ಹೋಗುವ ಸಿದ್ಧತೆಯಲ್ಲಿಯೂ ಇನ್ನೊಬ್ಬನು ಮರಣದ ಅಂಚಿನಲ್ಲಿಯೂ ಇರುವದು ಸಹಜ. ಸೇರಿದ ದಿನವೇ ಹೇಳುವದು ಅದಕ್ಕಿಂತ ಬಹಳ ಕಷ್ಟದ ಕೆಲಸ. ಹಿಂದೆ ಒಂದು ಪೇಟೆಯ ಸೇರು ಇನ್ನೊಂದು ಪೇಟೆಯ ಸೇರಿಗೆ ಸರಿಹೋಗುತ್ತಿರಲಿಲ್ಲವೆಂದು ನಮ್ಮ ಹಿರಿಯರು ಬಲ್ಲರು. ಒಂದೂರಿನ ರೋಗಿಗಳಿಂದ ಮಾಡಿದ ಅಳತೆಯನ್ನೂ ಬೇರೆ ಊರಿನಲ್ಲಿ ತೂಗಿ ನೋಡದೆ ನಂಬತಕ್ಕದ್ದಲ್ಲ.

ಹೀಗೆ ತೂಗಿ ನೋಡಿದ ಅಳತೆಗಳೂ ಇರುವವು. 2020ರ ಸಪ್ಟಂಬರದಲ್ಲಿ ಬ್ರಿಟನ್ ದೇಶದವರು 35,463 ರೋಗಿಗಳಿಂದ ಒಂದು ಅಳತೆಯನ್ನು ಕಟ್ಟಿ, ಬೇರೆ 22,361 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿ ಪ್ರಕಟಿಸಿದರು. ಅದು ನಮ್ಮ ಶಾಲೆಯ ಪ್ರಶ್ನಪತ್ರಿಕೆಯಂತೆಯೇ ಇರುವದು. ಒಟ್ಟು 21 ಅಂಕಗಳು. ಅಂಕಗಳು ಹೆಚ್ಚಿದಷ್ಟೂ ಅಪಾಯವು ಹೆಚ್ಚು. ವಯಸ್ಸಿಗೆ 7, ಗಂಡಸಾಗಿದ್ದರೆ 1, ಮೊದಲೇ ಇರುವ ಬೇರೆ ಕಾಯಿಲೆಗಳಿಗೆ 2, ಉಸಿರಾಟದ ವೇಗಕ್ಕೆ 2, ರಕ್ತದ ಪ್ರಾಣವಾಯುವಿನ ಕೊರತೆಗೆ 2, ಎಚ್ಚರ ತಪ್ಪಿದ್ದರೆ 2, ಯೂರಿಯಾಕ್ಕೆ 3, ಸಿ.ಆರ್.ಪಿ.ಗೆ 2. ಮೂರು ಅಂಕಗಳೊಳಗೆ ಇದ್ದವರಲ್ಲಿ ನೂರಕ್ಕೆ ಒಬ್ಬರಷ್ಟು ಮಂದಿಯೂ, ಹದಿನೈದು ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ನೂರಕ್ಕೆ ಅರುವತ್ತಕ್ಕೂ ಮಿಕ್ಕಿದ ಮಂದಿಯೂ ತೀರಿಕೊಂಡಿದ್ದರು. ಇವು ಲಸಿಕೆಯು ಇನ್ನೂ ಬಾರದ ದಿನಗಳ ಲೆಕ್ಕಗಳೆಂಬುದನ್ನು ಮರೆಯಬಾರದು.

ವಿದ್ಯಾರ್ಥಿನಿಯರು ಈ ಅಂಕಗಳನ್ನು ಇನ್ನೊಮ್ಮೆ ಕೂಡಿಸಿ ನೋಡಲಿ. ಪ್ರಯೋಗಶಾಲೆಯ ರಕ್ತಪರೀಕ್ಷೆಗೆ ಸೇರಿದವು ಯೂರಿಯಾದ 3, ಸಿ.ಆರ್.ಪಿ.ಯ 2, ಹೀಗೆ ಐದೇ ಅಂಕಗಳು. ಉಳಿದ ಹದಿನಾರು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕಣ್ಣಿನಿಂದ ನೋಡಿಯೂ, ಮಾತಾಡಿಸಿಯೂ, ಗಡಿಯಾರ ಹಿಡಿದು ಉಸಿರನ್ನು ಎಣಿಸಿಯೂ, ಬೆರಳಿಗೆ ಸಣ್ಣದೊಂದು ಯಂತ್ರವನ್ನು ಸಿಕ್ಕಿಸಿಯೂ ಪಡೆಯತಕ್ಕವು.

4. ನೂರು ರೋಗಿಗಳ ಒಂದು ಲೆಕ್ಕ

'ಅಪಾಯ' ಎಂದು ವರದಿಯು ಹೇಳಿದರೆ ರೋಗಿಯು ಸಾಯುವನೆಂದು ಅರ್ಥವೇ? ಇದನ್ನು ತಿಳಿಯಲು ಒಂದು ಕಲ್ಪಿತ ಲೆಕ್ಕವನ್ನು ಮಾಡೋಣ. ಆಸ್ಪತ್ರೆಯಲ್ಲಿ 100 ರೋಗಿಗಳಿರುವರು. ಅವರಲ್ಲಿ 10 ಮಂದಿ ತೀರಿಕೊಳ್ಳುವರು, 90 ಮಂದಿ ಗುಣವಾಗುವರು ಎಂದಿಟ್ಟುಕೊಳ್ಳಿರಿ. ರಕ್ತದ ಒಂದು ಕುರುಹು ಆ 10 ಮಂದಿಯಲ್ಲಿ 8 ಮಂದಿಯನ್ನು ಸರಿಯಾಗಿ ಗುರುತಿಸುವದು. ಆದರೆ ಗುಣವಾಗತಕ್ಕ 90 ಮಂದಿಯಲ್ಲಿಯೂ ಐದರಲ್ಲೊಂದು ಪಾಲನ್ನು, ಅಂದರೆ 18 ಮಂದಿಯನ್ನು, ಅಪಾಯದವರೆಂದು ತೋರಿಸುವದು. ಹಾಗಾದರೆ ದಪ್ಪಕ್ಷರದ ಅಂಕಿಯನ್ನು ಪಡೆದವರು ಒಟ್ಟು 26 ಮಂದಿ. ಇವರಲ್ಲಿ ತೀರಿಕೊಳ್ಳುವವರು 8. ಮನೆಗೆ ನಡೆದುಕೊಂಡು ಹೋಗುವವರು 18. ಉಳಿದ 74 ಮಂದಿಯ ವರದಿಯು ನೆಟ್ಟಗಿರುವದು. ಆದರೂ ಅವರಲ್ಲಿ ಇಬ್ಬರು ತೀರಿಕೊಳ್ಳುವರು.

ಈ ಲೆಕ್ಕದಲ್ಲಿ ಎರಡು ಪಾಠಗಳಿರುವವು. ಮೊದಲನೆಯದಾಗಿ, ಕುರುಹು ನಿರರ್ಥಕವಲ್ಲ. ಅದು ಹೆಚ್ಚಿದ್ದವರ ಗುಂಪಿನಲ್ಲಿ ಅಪಾಯವು ನೂರಕ್ಕೆ 10ರಿಂದ ಸುಮಾರು 31ಕ್ಕೆ ಏರಿತು. ಉಳಿದವರಲ್ಲಿ ಸುಮಾರು 3ಕ್ಕೆ ಇಳಿಯಿತು. ಯಾರ ಮಂಚದ ಬಳಿಗೆ ದಾದಿಯು ಪದೇ ಪದೇ ಹೋಗಬೇಕೆಂಬುದು ಇದರಿಂದ ಗೊತ್ತಾಗುವದು. ಎರಡನೆಯದಾಗಿ, ಅದು ನ್ಯಾಯಾಧೀಶನ ತೀರ್ಪಲ್ಲ. ಬಹುಪಾಲು ಜನರು ಆ ಅಂಕಿಯನ್ನು ಮೀರಿ ಬದುಕಿದರು. ಗುಂಪಿನ ವಿಷಯವಾಗಿ ನಿಜವಾದ ಮಾತು ಒಬ್ಬ ವ್ಯಕ್ತಿಯ ಹಣೆಬರಹವಾಗಲಾರದು.

ಇದೇ ಕುರುಹನ್ನು ಹಗುರವಾದ ಕಾಯಿಲೆಯವರಲ್ಲಿ ನೋಡಿದರೇನಾಗುವದು? 1,000 ಮಂದಿಯಲ್ಲಿ 5 ಮಂದಿ ಮಾತ್ರ ತೀರಿಕೊಳ್ಳುವರೆಂದು ಹಿಡಿದರೆ, ಕುರುಹು ಅವರಲ್ಲಿ 4 ಮಂದಿಯನ್ನೂ, ಗುಣವಾಗತಕ್ಕ 995ರಲ್ಲಿ 199 ಮಂದಿಯನ್ನೂ ಹಿಡಿದು ತೋರಿಸುವದು. ನಾಲ್ವರಿಗಾಗಿ 199 ಮನೆಗಳಲ್ಲಿ ವ್ಯರ್ಥವಾಗಿ ಒಲೆ ಆರುವದು. 2021ರ ಮೇ ತಿಂಗಳಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಅಂದಿನ ನಿರ್ದೇಶಕರಾದ ಡಾ. ರಣದೀಪ ಗುಲೇರಿಯಾ ಅವರು, ಪ್ರಾಣವಾಯುವಿನ ಪ್ರಮಾಣವು ಸರಿಯಿದ್ದು ಕಾಯಿಲೆಯು ಹಗುರವಾಗಿದ್ದವರು ಈ ರಕ್ತಪರೀಕ್ಷೆಗಳನ್ನು ಮಾಡಿಸಬಾರದೆಂದು ಸಾರಿ ಹೇಳಿದ್ದು ಇದೇ ಕಾರಣದಿಂದ.

5. ಅಂಕಿಯು ಔಷಧಕ್ಕೆ ದಾರಿ ತೋರಿಸುವಾಗ

ಮುಂದಾಗುವದನ್ನು ಹೇಳಿ ಸುಮ್ಮನಾಗುವ ವಿದ್ಯೆಯಿಂದ ರೋಗಿಗೆ ಲಾಭವೇನು? ಅಂಕಿಯು ಚಿಕಿತ್ಸೆಯನ್ನು ಬದಲಿಸಿದಾಗಲೇ ಅದರ ಬೆಲೆ. ಬ್ರಿಟನ್ನಿನಲ್ಲಿ ನಡೆದ ರಿಕವರಿ ಎಂಬ ಮಹಾಪರೀಕ್ಷೆಯಲ್ಲಿ, ಪ್ರಾಣವಾಯು ಕಡಿಮೆಯಾಗಿದ್ದು ಸಿ.ಆರ್.ಪಿ.ಯೂ ಲೀಟರಿಗೆ 75 ಮಿಲಿಗ್ರಾಮು ಅಥವಾ ಅದಕ್ಕೆ ಮೇಲ್ಪಟ್ಟಿದ್ದ ರೋಗಿಗಳನ್ನು ಆರಿಸಿ, ಇಂಟರ್‌ಲ್ಯೂಕಿನ್-6ನ್ನು ತಡೆಯುವ ಟೋಸಿಲಿಜುಮಾಬ್ ಎಂಬ ಔಷಧವನ್ನು ಕೆಲವರಿಗೆ ಕೊಟ್ಟರು. ಅದನ್ನು ಪಡೆಯದವರಲ್ಲಿ ನೂರಕ್ಕೆ 35 ಮಂದಿಯೂ ಪಡೆದವರಲ್ಲಿ 31 ಮಂದಿಯೂ ತೀರಿಕೊಂಡರೆಂದು 2021ರಲ್ಲಿ ತಿಳಿದುಬಂತು. ನೂರಕ್ಕೆ ನಾಲ್ಕು ಜೀವಗಳೆಂದರೆ ಸಣ್ಣ ಮಾತಲ್ಲ.

ಆದರೆ ಅದೇ ಪರೀಕ್ಷೆಯ ಇನ್ನೊಂದು ಪಾಠವು ನಮಗೆ ಇನ್ನೂ ಹತ್ತಿರದ್ದು. ಡೆಕ್ಸಾಮೆಥಾಸೋನ್ ಎಂಬ ಅಗ್ಗವಾದ ಸ್ಟೀರಾಯಿಡ್ ಔಷಧವು ಕೃತ್ರಿಮ ಉಸಿರಾಟದ ಯಂತ್ರದ ಮೇಲಿದ್ದವರ ಮರಣವನ್ನು ನೂರಕ್ಕೆ 41ರಿಂದ 29ಕ್ಕೆ ಇಳಿಸಿತೆಂದು 2020ರಲ್ಲಿ ಪ್ರಕಟವಾಯಿತು. ಪ್ರಾಣವಾಯುವಿನ ಸಹಾಯವೇ ಬೇಕಾಗದಿದ್ದವರಿಗೆ ಮಾತ್ರ ಅದರಿಂದ ಲಾಭವಾಗಲಿಲ್ಲ. ಹಾನಿಯ ಶಂಕೆಯೂ ತೋರಿತು. ಆದರೂ 2021ರ ಬೇಸಿಗೆಯಲ್ಲಿ ನಮ್ಮ ದೇಶದೊಳಗೆ ಎಷ್ಟೋ ಜನರು ವರದಿಯಲ್ಲಿ ಸಿ.ಆರ್.ಪಿ. ಏರಿದ್ದನ್ನು ಕಂಡೊಡನೆ, ಉಸಿರು ಸರಾಗವಾಗಿದ್ದರೂ, ಈ ಗುಳಿಗೆಗಳನ್ನು ನುಂಗಿದರು. ಸಕ್ಕರೆ ಕಾಯಿಲೆಯಿದ್ದವರಲ್ಲಿ ಸ್ಟೀರಾಯಿಡಿನಿಂದ ಸಕ್ಕರೆಯು ಮಿತಿಮೀರಿ, ಮ್ಯೂಕರ್‌ಮೈಕೋಸಿಸ್ ಎಂಬ ಬೂಷ್ಟಿನ ರೋಗಕ್ಕೆ ದಾರಿಯಾಯಿತು. ಕಣ್ಣುಗಳನ್ನೂ ಪ್ರಾಣಗಳನ್ನೂ ಕಳಕೊಂಡವರು ಬಹಳ. ಅಂಕಿಯನ್ನು ಓದಬಲ್ಲ ಮಾತ್ರಕ್ಕೆ ಔಷಧವನ್ನು ನಿಶ್ಚಯಿಸಬಾರದು.

6. ವರದಿಯನ್ನು ಓದುವವರಿಗೆ ಕೆಲವು ಎಚ್ಚರಿಕೆಗಳು

ಅಂಕಿಯ ಮುಂದಿರುವ ಅಳತೆಯನ್ನು ಓದದೆ ಅಂಕಿಯನ್ನು ಓದಬಾರದು. ಸಿ.ಆರ್.ಪಿ.ಯನ್ನು ಕೆಲವರು ಲೀಟರಿಗೆ ಇಷ್ಟು ಮಿಲಿಗ್ರಾಮೆಂದೂ, ಕೆಲವರು ಡೆಸಿಲೀಟರಿಗೆ ಇಷ್ಟೆಂದೂ ಬರೆಯುವರು. ಡೆಸಿಲೀಟರಿಗೆ 8 ಎಂದರೆ ಲೀಟರಿಗೆ 80. ಮೊದಲ ದಿನ ಒಂದು ಕಡೆಯಲ್ಲಿ 8, ಮರುದಿನ ಇನ್ನೊಂದು ಕಡೆಯಲ್ಲಿ 60 ಎಂದು ಬಂದರೆ ರೋಗವು ಏರಿತೆಂದು ಮನೆಯವರು ಅಳುವರು. ನಿಜವಾಗಿ ಅದು ಇಳಿದಿರುವದು! ಡಿ-ಡೈಮರನ್ನೂ ಎರಡು ಬಗೆಯ ಅಳತೆಗಳಲ್ಲಿ ಬರೆಯುವ ರೂಢಿಯುಂಟು. ಒಂದು ಇನ್ನೊಂದರ ಸುಮಾರು ಎರಡರಷ್ಟಿರುವದು. ಅಲ್ಲದೆ ಅದು ಮುಪ್ಪಿನಲ್ಲಿಯೂ ಗರ್ಭಿಣಿಯರಲ್ಲಿಯೂ ರೋಗವಿಲ್ಲದೆಯೇ ಹೆಚ್ಚಿರುವದು.

ಫೆರಿಟಿನಿನ ವಿಷಯದಲ್ಲಿ ಸ್ತ್ರೀಯರು ವಿಶೇಷವಾಗಿ ಜಾಗರೂಕರಾಗಿರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿತ್ತು. ಶರೀರದಲ್ಲಿ ಕಬ್ಬಿಣದ ಕೊರತೆಯಿದ್ದರೆ ಫೆರಿಟಿನ್ ಮೊದಲೇ ಕೆಳಗಿರುವದು. ರೋಗದಿಂದ ಅದು ಮೇಲೇರಿದರೂ ವರದಿಯಲ್ಲಿ 'ಸರಿಯಿದೆ' ಎಂದು ಕಾಣಬಹುದು. ಹೀಗೆ ಒಂದು ಕೊರತೆಯು ಇನ್ನೊಂದು ಕೇಡನ್ನು ಮುಚ್ಚುವದುಂಟು.

7. ರಕ್ತಕ್ಕಿಂತ ಮೊದಲು ಉಸಿರು

ಭಾಲ್ಕಿಯಿಂದಲೂ ಔರಾದದಿಂದಲೂ ಬೀದರ ನಗರವು ಸುಮಾರು ನಲವತ್ತು ಕಿಲೋಮೀಟರು ದೂರ. ನಗರದಲ್ಲಿ 2007ರಿಂದ ಬೀದರ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಅದರ ಬೋಧನಾ ಆಸ್ಪತ್ರೆಯೂ ಇರುವವು. ತಾಲೂಕು ಸ್ಥಳಗಳಲ್ಲಿ ಸರಕಾರದ ಆಸ್ಪತ್ರೆಗಳಿರುವವು. ಆದರೆ ಹಳ್ಳಿಯ ಮನೆಯಲ್ಲಿ ರಾತ್ರಿ ಹನ್ನೊಂದು ತಾಸಿಗೆ ಒಬ್ಬರಿಗೆ ದಮ್ಮು ಹತ್ತಿದಾಗ ರಕ್ತದ ವರದಿಯು ಎಲ್ಲಿಂದ ಬರಬೇಕು? ಆಗ ಕೈಯಲ್ಲಿರುವ ಸಾಧನವು ಗಡಿಯಾರವೊಂದೇ. ಅದು ಸಾಲದ್ದೂ ಅಲ್ಲ.

ನ್ಯುಮೋನಿಯಾದ ಬಲವನ್ನು ಅಳೆಯಲು 2003ರಲ್ಲಿ ಪ್ರಕಟವಾದ ಕರ್ಬ್-65 ಎಂಬ ಅಳತೆಯು ಇದನ್ನು ತೋರಿಸುವದು. ಬುದ್ಧಿಭ್ರಮೆ, ಯೂರಿಯಾ ಡೆಸಿಲೀಟರಿಗೆ ಸುಮಾರು 42 ಮಿಲಿಗ್ರಾಮಿಗಿಂತ ಹೆಚ್ಚು, ನಿಮಿಷಕ್ಕೆ 30 ಅಥವಾ ಹೆಚ್ಚು ಉಸಿರು, ರಕ್ತದೊತ್ತಡದ ಮೇಲಿನ ಅಂಕಿ 90ಕ್ಕಿಂತ ಕಡಿಮೆ ಇಲ್ಲವೆ ಕೆಳಗಿನದು 60 ಅಥವಾ ಅದಕ್ಕಿಂತ ಕಡಿಮೆ, ವಯಸ್ಸು 65 ಅಥವಾ ಹೆಚ್ಚು: ಈ ಐದಕ್ಕೆ ಒಂದೊಂದು ಅಂಕ. ಇದರಲ್ಲಿ ಪ್ರಯೋಗಶಾಲೆಯಿಂದ ಬರುವದು ಯೂರಿಯಾ ಒಂದೇ. ಪ್ರಯೋಗಶಾಲೆಯಿಲ್ಲದ ಕಡೆಗಳಲ್ಲಿ ವೈದ್ಯರು ಅದನ್ನು ಬಿಟ್ಟು ಉಳಿದ ನಾಲ್ಕರಿಂದಲೇ ನಿರ್ಣಯಿಸುವ ಪದ್ಧತಿಯೂ ಉಂಟು.

ಆದುದರಿಂದ ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಉಸಿರನ್ನು ಎಣಿಸಲು ಕಲಿಯತಕ್ಕದ್ದು. ರೋಗಿಯು ಶಾಂತವಾಗಿ ಕುಳಿತಿರುವಾಗ ಅಥವಾ ಮಲಗಿರುವಾಗ, ಎದೆ ಹೊಟ್ಟೆಗಳು ಏರಿಳಿಯುವದನ್ನು ಪೂರ್ಣವಾಗಿ ಒಂದು ನಿಮಿಷ ನೋಡಿ ಎಣಿಸಬೇಕು; ಎಣಿಸುತ್ತಿರುವೆವೆಂದು ಹೇಳಬಾರದು, ಹೇಳಿದರೆ ಉಸಿರಿನ ಗತಿಯು ಬದಲಾಗುವದು. ದೊಡ್ಡವರಲ್ಲಿ 12ರಿಂದ 20 ಸಹಜ. 24 ಆದರೆ ವೈದ್ಯರಿಗೆ ತೋರಿಸಬೇಕು. 30 ಆದರೆ ಒಂದು ಗಳಿಗೆಯನ್ನೂ ಕಳೆಯಬಾರದು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40, ಇವು ವೇಗದ ಉಸಿರಾಟದ ಗಡಿಗಳು. ಉಸಿರು ಎಳೆಯುವಾಗ ಮಗುವಿನ ಪಕ್ಕೆಗಳ ಕೆಳಗೆ ಕುಳಿ ಬೀಳುವದೂ, ಮೊಲೆಯುಣ್ಣದೆ ಇರುವದೂ, ತುಟಿಗಳು ನೀಲಿಯಾಗುವದೂ, ದೊಡ್ಡವರಲ್ಲಿ ಮಾತು ತೊದಲುವದೂ ಅಪಾಯದ ಗುರುತುಗಳು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಯಲ್ಲಿದ್ದರೆ, ಕೊರೋನಾ ಕಾಲದಲ್ಲಿ ನಮ್ಮ ದೇಶದ ವೈದ್ಯರು ಹಾಕಿಕೊಟ್ಟ ಗಡಿಗಳು ಇವು: 93ರಿಂದ 90ರವರೆಗೆ ಮಧ್ಯಮ ಕಾಯಿಲೆ, 90ಕ್ಕಿಂತ ಕೆಳಗೆ ಕಠಿಣ ಕಾಯಿಲೆ. ಇಂಥ ಹೊತ್ತಿನಲ್ಲಿ 108ಕ್ಕೆ ಫೋನು ಮಾಡುವದು ಮೊದಲು. ರಕ್ತದ ವರದಿಯು ಆಮೇಲೆ, ಆಸ್ಪತ್ರೆಯಲ್ಲಿ ಬರಲಿ.

ರಕ್ತವು ಸತ್ಯವನ್ನೇ ನುಡಿಯುವ ಸಾಕ್ಷಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಬ್ಬ ಸಾಕ್ಷಿಯ ಮಾತಿನ ಮೇಲೆಯೇ ತೀರ್ಪು ಕೊಡುವದು ನ್ಯಾಯವಲ್ಲ. ವಯಸ್ಸು, ಉಸಿರು, ಎಚ್ಚರ, ಹಳೆಯ ಕಾಯಿಲೆಗಳು ಇವೆಲ್ಲ ಜೊತೆಯ ಸಾಕ್ಷಿಗಳು. ಇವೆಲ್ಲವನ್ನೂ ಕೇಳಿ ತೂಗಿ ನೋಡುವವರು ವೈದ್ಯರು. ಇನ್ನು ಮುಂದೆ ಅಜ್ಜಿಯು "ಏನ್ ಬರದಾರ" ಎಂದು ಕೇಳಿದರೆ, ನಮ್ಮ ಬಾಲಿಕೆಯು ಅಂಕಿಯನ್ನು ಅದರ ಅಳತೆಯೊಂದಿಗೆ ಓದಿ, ನಿನ್ನೆಯದರೊಡನೆ ಹೋಲಿಸಿ, ಹೆಚ್ಚಿದ್ದರೆ "ಜಲ್ದಿ ದವಾಖಾನಿಗಿ ಹೋಗೂಣು" ಎಂದೂ, ಸರಿಯಿದ್ದರೆ "ಆದರೂ ಉಸಿರ ಎಣಿಸೂಣು" ಎಂದೂ ಹೇಳಲಿ. ಕಲಿತ ವಿದ್ಯೆಯು ಮನೆಯ ಒಂದು ಜೀವಕ್ಕಾದರೂ ಆಸರೆಯಾದರೆ ಅದಕ್ಕಿಂತ ದೊಡ್ಡ ಪರೀಕ್ಷೆಯನ್ನು ಯಾವ ಶಾಲೆಯೂ ಇಡಲಾರದು.